ಹೆಸರಿಗೋ, ಗ್ರೂಪ್‌ಗೋ, ಲಿಂಕ್‌ಗೋ? ಕಚೇರಿಯ ಫೈಲ್, ಫೋಲ್ಡರ್, ಚಾನೆಲ್‌ಗಳಿಗೆ ಅನುಮತಿ ಕೊಡುವ ದಾರಿಗಳ ಹೋಲಿಕೆ

ಶೇರ್ ಬಟನ್ ಒತ್ತಿದಾಗ ತೆರೆದುಕೊಳ್ಳುವ ಪೆಟ್ಟಿಗೆ ಎರಡೇ ಪ್ರಶ್ನೆ ಕೇಳುತ್ತದೆ: ಯಾರಿಗೆ, ಎಷ್ಟರ ಮಟ್ಟಿಗೆ. ಕೊಟ್ಟದ್ದನ್ನು ಮುಂದೆ ಯಾರು, ಯಾವಾಗ, ಹೇಗೆ ವಾಪಸ್ ಪಡೆಯುತ್ತಾರೆ ಎಂದು ಅದು ಕೇಳುವುದಿಲ್ಲ. ಕಚೇರಿಗಳಲ್ಲಿ ಅನುಮತಿಗಳು ಕೈಮೀರುವುದು ಈ ಕೇಳದ ಪ್ರಶ್ನೆಯಿಂದಲೇ. ಆದ್ದರಿಂದ ಫೈಲ್ ಇಡುವ ಗೂಗಲ್ ಡ್ರೈವ್ ಮತ್ತು ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್, ತಂಡದ ಮಾತುಕತೆಯ ಟೀಮ್ಸ್ ಮತ್ತು ಸ್ಲ್ಯಾಕ್, ಪುಟಗಳನ್ನು ಬರೆದಿಡುವ ನೋಷನ್ ಮತ್ತು ಕಾನ್‌ಫ್ಲುಯೆನ್ಸ್‌ನಂಥ ತಂತ್ರಾಂಶಗಳ ಆಯ್ಕೆಗಳನ್ನು ಇಲ್ಲಿ ಒಂದೇ ಅಳತೆಗೋಲಿನಿಂದ ಅಳೆದಿದ್ದೇವೆ: ಕೊಟ್ಟದ್ದನ್ನು ಹಿಂತೆಗೆಯುವುದು ಎಷ್ಟು ಸುಲಭ?

ಅದಕ್ಕೆ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪಾಸ್‌ವರ್ಡ್, ಒಟಿಪಿ, ಬೆರಳಚ್ಚು ಇವೆಲ್ಲ 'ನೀವು ಯಾರು' ಎಂಬುದನ್ನು ಖಚಿತಪಡಿಸುತ್ತವೆ. 'ನೀವು ಏನು ಮಾಡಬಹುದು' ಎಂಬುದು ಅನುಮತಿಯ ಮಾತು. ಸಂಬಳದ ಪಟ್ಟಿ ಇರುವ ಫೋಲ್ಡರ್ ಇಡೀ ಸಂಸ್ಥೆಗೆ ತೆರೆದಿದ್ದರೆ ಎರಡು ಹಂತದ ಲಾಗಿನ್ ಇದ್ದೂ ಪ್ರಯೋಜನವಿಲ್ಲ. ಒಳಗೆ ಬಂದವರೆಲ್ಲ ಸರಿಯಾದವರೇ, ತೆರೆದಿದ್ದ ಬಾಗಿಲು ಮಾತ್ರ ತಪ್ಪು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು, ಹೆಚ್ಚು ಬೇಡ ಎಂಬ ತತ್ವವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ವಿವರಿಸಿದ್ದರು. ಇವತ್ತಿನ ಶೇರ್ ಪೆಟ್ಟಿಗೆಯಲ್ಲಿ ಅದನ್ನು ಪಾಲಿಸುವುದು ಹೇಗೆ ಎಂಬುದೇ ಮುಂದಿನ ವಿಷಯ.

ಕೊಡುವ ಮೂರು ದಾರಿಗಳು

ಒಬ್ಬೊಬ್ಬರ ಇಮೇಲ್ ವಿಳಾಸ ಹಾಕಿ ಕೊಡುವುದು ಎಲ್ಲಕ್ಕಿಂತ ಸ್ಪಷ್ಟವಾದ ದಾರಿ. ಯಾರ ಬಳಿ ಅನುಮತಿ ಇದೆ ಎಂಬುದು ಪಟ್ಟಿಯಲ್ಲಿ ಕಾಣುತ್ತದೆ, ಹೆಸರು ತೆಗೆದರೆ ಮುಗಿಯಿತು. ತೊಂದರೆ ಇರುವುದು ಲೆಕ್ಕದಲ್ಲಿ. 12 ಜನರ ತಂಡ, 40 ಫೋಲ್ಡರ್ ಎಂದರೆ 480 ನಮೂದುಗಳು. ಒಬ್ಬರು ಬೇರೆ ವಿಭಾಗಕ್ಕೆ ಹೋದರೆ 40 ಕಡೆ ಹೆಸರು ತೆಗೆಯಬೇಕು, ಹೊಸಬರು ಬಂದರೆ 40 ಕಡೆ ಸೇರಿಸಬೇಕು. ಸೇರಿಸುವುದು ಮರೆತರೆ ಹೊಸಬರೇ ಬಂದು ಕೇಳುತ್ತಾರೆ. ತೆಗೆಯುವುದು ಮರೆತರೆ ಯಾರೂ ಬಂದು ಹೇಳುವುದಿಲ್ಲ. ಹಾಗಾಗಿ ಹೆಸರಿನ ಪಟ್ಟಿಗಳು ಯಾವಾಗಲೂ ಬೆಳೆಯುತ್ತ ಹೋಗುತ್ತವೆ, ತಾವಾಗಿ ಚಿಕ್ಕದಾಗುವುದಿಲ್ಲ.

ಗ್ರೂಪ್‌ಗೆ ಕೊಟ್ಟರೆ ಅದೇ ಲೆಕ್ಕ 52ಕ್ಕೆ ಇಳಿಯುತ್ತದೆ: ಗ್ರೂಪ್‌ನೊಳಗೆ 12 ಹೆಸರು, 40 ಫೋಲ್ಡರ್‌ಗಳ ಮೇಲೆ ಗ್ರೂಪ್‌ನ ಒಂದೊಂದು ನಮೂದು. ಒಬ್ಬರು ತಂಡ ಬಿಟ್ಟರೆ ಬದಲಿಸಬೇಕಾದದ್ದು ಒಂದೇ ಜಾಗ. ವ್ಯಕ್ತಿಗೆ ಬದಲು ಪಾತ್ರಕ್ಕೆ ಅಧಿಕಾರ ಕೊಡುವ ಈ ವಿಧಾನಕ್ಕೆ 1992ರಲ್ಲಿ ಅಮೆರಿಕದ ಸಂಶೋಧಕರಾದ ಡೇವಿಡ್ ಫೆರೈಯೊಲೊ ಮತ್ತು ರಿಚರ್ಡ್ ಕುನ್ ಒಂದು ಸ್ಪಷ್ಟ ಮಾದರಿ ಕೊಟ್ಟರು. 2004ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನದಂಡವೂ ಆಯಿತು. ಈಗ ಬಹುಪಾಲು ಸಹಯೋಗ ತಂತ್ರಾಂಶಗಳು ಇದೇ ನೆಲೆಯ ಮೇಲೆ ನಿಂತಿವೆ.

ಆದರೆ ಗ್ರೂಪ್ ಎಂದ ಕೂಡಲೇ ನಿಶ್ಚಿಂತರಾಗುವಂತಿಲ್ಲ. ಮೊದಲು ನೋಡಬೇಕಾದದ್ದು ಆ ಗ್ರೂಪ್‌ಗೆ ಯಾರು ಸೇರಬಹುದು ಎಂಬ ಸೆಟ್ಟಿಂಗ್. ಗೂಗಲ್ ಗ್ರೂಪ್‌ನಲ್ಲಿ 'ಸಂಸ್ಥೆಯ ಯಾರು ಬೇಕಾದರೂ ಸೇರಬಹುದು' ಎಂದಿದ್ದರೆ, ಆ ಗ್ರೂಪ್‌ಗೆ ಕೊಟ್ಟ ಪ್ರತಿ ಫೋಲ್ಡರ್ ಕೂಡ ಇಡೀ ಸಂಸ್ಥೆಗೆ ತೆರೆದಂತೆಯೇ. ಸುದ್ದಿ ಕಳಿಸಲೆಂದು ಮಾಡಿದ ಮೇಲಿಂಗ್ ಗ್ರೂಪ್ ಅನ್ನೇ ಅನುಮತಿಗೂ ಬಳಸಿದಾಗ ಈ ತಪ್ಪು ಆಗುತ್ತದೆ. ಸುದ್ದಿಯ ಗ್ರೂಪ್ ಬೇರೆ, ಅನುಮತಿಯ ಗ್ರೂಪ್ ಬೇರೆ ಇರಲಿ. ಹೆಸರಿನಲ್ಲೇ ವ್ಯತ್ಯಾಸ ಕಾಣಲಿ: 'ಲೆಕ್ಕಪತ್ರ-ಓದಲು', 'ಲೆಕ್ಕಪತ್ರ-ತಿದ್ದಲು' ಎಂಬಂತೆ. ಗ್ರೂಪ್‌ನೊಳಗೆ ಇನ್ನೊಂದು ಗ್ರೂಪ್, ಅದರೊಳಗೆ ಮತ್ತೊಂದು ಎಂದು ಪೇರಿಸುತ್ತ ಹೋದರೆ ಕೊನೆಗೆ ಯಾರು ಒಳಗಿದ್ದಾರೆ ಎಂದು ಹೇಳುವುದೇ ಕಷ್ಟ. ಒಂದು ಹಂತಕ್ಕಿಂತ ಹೆಚ್ಚು ಬೇಡ. ಶೇರ್‌ಪಾಯಿಂಟ್‌ನಲ್ಲಿ 'ಎವ್ರಿವನ್ ಎಕ್ಸೆಪ್ಟ್ ಎಕ್ಸ್‌ಟರ್ನಲ್ ಯೂಸರ್ಸ್' ಎಂಬ ಸಿದ್ಧ ಗ್ರೂಪ್ ಇದೆ. ಹೆಸರು ಕೇಳಿದರೆ ಹೊರಗಿನವರನ್ನು ತಡೆಯುವ ಬೇಲಿಯಂತೆ ತೋರುತ್ತದೆ. ಅದನ್ನು ಸೇರಿಸಿದರೆ ಸಂಸ್ಥೆಯ ಪ್ರತಿಯೊಬ್ಬರಿಗೂ ಬಾಗಿಲು ತೆರೆದಂತೆ.

ಮೂರನೆಯದು ಲಿಂಕ್. ಇಲ್ಲಿ ಆಯ್ಕೆಗಳು ಹೊರನೋಟಕ್ಕೆ ಒಂದೇ ಥರ, ಪರಿಣಾಮ ಬೇರೆ ಬೇರೆ. 'ಎನಿವನ್ ವಿತ್ ದ ಲಿಂಕ್' ಎಂದರೆ ಆ ವಿಳಾಸ ಯಾರ ಕೈಗೆ ಸಿಕ್ಕಿದರೂ ಅವರು ಒಳಗೆ. ಲಾಗಿನ್ ಕೇಳುವುದಿಲ್ಲ, ಹಾಗಾಗಿ ಯಾರು ತೆರೆದರು ಎಂಬ ದಾಖಲೆಯೂ ಸಿಗುವುದಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಅಂಥವರು ಅನಾಮಧೇಯ ಪ್ರಾಣಿಯ ಚಿತ್ರವಾಗಿ ಕಾಣುತ್ತಾರೆ, ಅಷ್ಟೇ. 'ಸಂಸ್ಥೆಯವರಿಗೆ' ಎಂಬ ಲಿಂಕ್‌ಗೆ ಲಾಗಿನ್ ಬೇಕು, ಆದರೆ ಫಾರ್ವರ್ಡ್ ಆದಲ್ಲೆಲ್ಲ ತೆರೆಯುತ್ತದೆ. 'ಸ್ಪೆಸಿಫಿಕ್ ಪೀಪಲ್' ಲಿಂಕ್ ನೋಡಲು ಲಿಂಕ್, ಗುಣದಲ್ಲಿ ಹೆಸರಿಗೆ ಕೊಟ್ಟ ಅನುಮತಿ. ಅದನ್ನು ಬೇರೆಯವರಿಗೆ ಕಳಿಸಿದರೆ ಅವರಿಗೆ ತೆರೆಯುವುದಿಲ್ಲ. ಶೇರ್‌ಪಾಯಿಂಟ್‌ನಲ್ಲಿ ಮತ್ತು ಮೈಕ್ರೋಸಾಫ್ಟ್‌ನ ವೈಯಕ್ತಿಕ ಫೈಲ್ ಜಾಗವಾದ ಒನ್‌ಡ್ರೈವ್‌ನಲ್ಲಿ 'ಪೀಪಲ್ ವಿತ್ ಎಕ್ಸಿಸ್ಟಿಂಗ್ ಆಕ್ಸೆಸ್' ಎಂಬ ನಾಲ್ಕನೆಯದೂ ಇದೆ. ಅದು ಯಾರಿಗೂ ಹೊಸ ಅನುಮತಿ ಕೊಡುವುದಿಲ್ಲ, ಇರುವವರಿಗೆ ವಿಳಾಸ ತಿಳಿಸುತ್ತದೆ ಅಷ್ಟೇ. ತಂಡದೊಳಗೆ 'ಈ ಫೈಲ್ ನೋಡಿ' ಎಂದು ಹೇಳಲು ಅದೇ ಸರಿಯಾದ ಲಿಂಕ್. ಬೇರೆ ಬಗೆಯ ಲಿಂಕ್ ಕಳಿಸಿದಾಗಲೆಲ್ಲ ಅನುಮತಿ ಪಟ್ಟಿಗೆ ಇನ್ನೊಂದು ಗಂಟು ಬೀಳುತ್ತದೆ.

ನಮ್ಮ ತೀರ್ಮಾನ ಹೀಗಿದೆ. ಮೂರಕ್ಕಿಂತ ಹೆಚ್ಚು ಜನ, ಅಥವಾ ಒಂದು ತಿಂಗಳಿಗಿಂತ ಹೆಚ್ಚು ಕಾಲದ ಕೆಲಸ ಎಂದಾದರೆ ಗ್ರೂಪ್. ಒಬ್ಬಿಬ್ಬರಿಗೆ, ಕೆಲವು ದಿನಗಳಿಗೆ ಎಂದಾದರೆ ಹೆಸರು, ಜೊತೆಗೆ ಕೊನೆಯ ದಿನಾಂಕ. ಯಾರಿಗೆ ಬೇಕಾದರೂ ತೆರೆಯುವ ಲಿಂಕ್, ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೂ ಅಡ್ಡಿಯಿಲ್ಲ ಎನ್ನಬಹುದಾದ ಫೈಲ್‌ಗೆ ಮಾತ್ರ. ಕೊನೆಯ ದಿನಾಂಕ ಹಾಕುವ ಸೌಲಭ್ಯ ಗೂಗಲ್‌ನ ಹಲವು ಸಂಸ್ಥಾ ಖಾತೆಗಳಲ್ಲಿದೆ. ಶೇರ್‌ಪಾಯಿಂಟ್‌ನಲ್ಲಿ ಎನಿವನ್ ಲಿಂಕ್‌ಗೆ ದಿನಾಂಕ, ಪಾಸ್‌ವರ್ಡ್ ಎರಡನ್ನೂ ಹಾಕಬಹುದು. ಇಂಥ ಲಿಂಕ್‌ಗಳೆಲ್ಲ ಇಷ್ಟು ದಿನಗಳಲ್ಲಿ ಮುಗಿಯಲೇಬೇಕು ಎಂದು ಅಡ್ಮಿನ್ ನಿಯಮವನ್ನೂ ಮಾಡಬಹುದು.

ಓದುವವರು, ತಿದ್ದುವವರು, ಹಂಚುವವರು

ವ್ಯೂವರ್, ಕಾಮೆಂಟರ್, ಎಡಿಟರ್ ಎಂಬ ಮೂರು ಮೆಟ್ಟಿಲು ಎಲ್ಲರಿಗೂ ಗೊತ್ತು. ಎಡಿಟರ್ ಎಂಬ ಒಂದೇ ಪದದೊಳಗೆ ಇನ್ನೂ ಕೆಲವು ಅಧಿಕಾರಗಳು ಸೇರಿಕೊಂಡಿರುವುದು ಹಲವರ ಗಮನಕ್ಕೆ ಬರುವುದಿಲ್ಲ.

ಗೂಗಲ್‌ನ ಮೈ ಡ್ರೈವ್‌ನಲ್ಲಿ, ಅಂದರೆ ವೈಯಕ್ತಿಕ ಡ್ರೈವ್‌ನಲ್ಲಿ, ಎಡಿಟರ್ ಆದವರು ಸಹಜವಾಗಿಯೇ ಫೈಲನ್ನು ಬೇರೆಯವರಿಗೆ ಹಂಚಬಲ್ಲರು. ಶೇರ್ ಪೆಟ್ಟಿಗೆಯ ಮೇಲ್ತುದಿಯ ಗೇರ್ ಗುರುತು ಒತ್ತಿ, ಎಡಿಟರ್‌ಗಳು ಅನುಮತಿ ಬದಲಿಸಬಹುದು ಎಂಬ ಟಿಕ್ ತೆಗೆದರೆ ಮಾತ್ರ ಅದು ನಿಲ್ಲುತ್ತದೆ. ಎರಡನೆಯದು ಇನ್ನೂ ಮುಖ್ಯ: ಎಡಿಟರ್‌ಗೆ ವರ್ಶನ್ ಹಿಸ್ಟರಿ, ಅಂದರೆ ಫೈಲ್‌ನ ಹಿಂದಿನ ರೂಪಗಳ ದಾಖಲೆ, ಕಾಣುತ್ತದೆ, ವ್ಯೂವರ್ ಮತ್ತು ಕಾಮೆಂಟರ್‌ಗೆ ಕಾಣುವುದಿಲ್ಲ. ಒಳಗಿನವರ ಚರ್ಚೆಯ ಸಾಲುಗಳನ್ನೆಲ್ಲ ಅಳಿಸಿ, ಶುದ್ಧಪಡಿಸಿ, ಆಮೇಲೆ ಹೊರಗಿನವರನ್ನು ಎಡಿಟರ್ ಮಾಡಿದರೆ ಅಳಿಸಿದ್ದೆಲ್ಲ ಅವರಿಗೆ ಎರಡು ಕ್ಲಿಕ್‌ನಲ್ಲಿ ಸಿಗುತ್ತದೆ. ಅಂಥ ಫೈಲನ್ನು ಹೊಸದಾಗಿ ಕಾಪಿ ಮಾಡಿ, ಆ ಕಾಪಿಯನ್ನು ಕೊಡಿ. ಕಾಪಿಗೆ ಹಳೆಯ ಚರಿತ್ರೆ ಅಂಟಿಕೊಂಡು ಬರುವುದಿಲ್ಲ.

ಶೇರ್‌ಪಾಯಿಂಟ್‌ನಲ್ಲಿ 'ಎಡಿಟ್' ಮತ್ತು 'ಕಾಂಟ್ರಿಬ್ಯೂಟ್' ಎಂಬ ಎರಡು ಮಟ್ಟಗಳಿವೆ, ಅರ್ಥದಲ್ಲಿ ಅವಳಿಯಂತೆ ಕಾಣುತ್ತವೆ. ಕಾಂಟ್ರಿಬ್ಯೂಟ್ ಇದ್ದವರು ಫೈಲ್‌ಗಳನ್ನು ಸೇರಿಸಬಹುದು, ತಿದ್ದಬಹುದು, ಅಳಿಸಬಹುದು. ಎಡಿಟ್ ಇದ್ದವರು ಅದರ ಜೊತೆಗೆ ಇಡೀ ಲೈಬ್ರರಿಯನ್ನೇ, ಅಂದರೆ ಫೈಲ್‌ಗಳ ಪೂರ್ತಿ ಸಂಗ್ರಹವನ್ನೇ, ಅಳಿಸಬಹುದು. ಟೀಮ್ ಸೈಟ್‌ನ ಮೆಂಬರ್ಸ್ ಗ್ರೂಪ್‌ಗೆ ಸಹಜವಾಗಿ ಸಿಗುವುದು ಎಡಿಟ್. ಬಹುತೇಕ ತಂಡಗಳಿಗೆ ಅಷ್ಟು ಬೇಕಿಲ್ಲ, ಕಾಂಟ್ರಿಬ್ಯೂಟ್ ಸಾಕು. ಕೈತಪ್ಪಿ ಅಳಿಸಿದ್ದು ಶೇರ್‌ಪಾಯಿಂಟ್‌ನ ರಿಸೈಕಲ್ ಬಿನ್‌ನಲ್ಲಿ 93 ದಿನ ಇರುತ್ತದೆ, ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ. ಮೂರು ತಿಂಗಳಿಗೊಮ್ಮೆ ತೆರೆಯುವ ಫೋಲ್ಡರ್ ಆದರೆ 30 ದಿನ ಸಾಲದು ಎಂಬುದು ನೆನಪಿರಲಿ.

ಗೂಗಲ್‌ನ ಶೇರ್ಡ್ ಡ್ರೈವ್‌ನಲ್ಲಿ, ಅಂದರೆ ತಂಡದ ಡ್ರೈವ್‌ನಲ್ಲಿ, ಐದು ಮೆಟ್ಟಿಲು: ವ್ಯೂವರ್, ಕಾಮೆಂಟರ್, ಕಾಂಟ್ರಿಬ್ಯೂಟರ್, ಕಂಟೆಂಟ್ ಮ್ಯಾನೇಜರ್, ಮ್ಯಾನೇಜರ್. ಕಾಂಟ್ರಿಬ್ಯೂಟರ್ ಫೈಲ್ ಸೇರಿಸಿ ತಿದ್ದಬಲ್ಲರು, ಸರಿಸಲು ಮತ್ತು ಅಳಿಸಲು ಆಗದು. ದಾಖಲೆಗಳು ಜಾಗ ಬಿಟ್ಟು ಕದಲಬಾರದು ಎನ್ನುವ ಕಡೆ ಇದು ಅತ್ಯುತ್ತಮ ಆಯ್ಕೆ. ಆದರೆ ಕಂಪ್ಯೂಟರ್‌ನಲ್ಲಿ ಡ್ರೈವ್ ಫಾರ್ ಡೆಸ್ಕ್‌ಟಾಪ್ ಹಾಕಿಕೊಂಡು ಫೋಲ್ಡರ್ ಮೂಲಕ ಕೆಲಸ ಮಾಡುವವರಿಗೆ ಕಾಂಟ್ರಿಬ್ಯೂಟರ್ ಎಂದರೆ ಓದಲು ಮಾತ್ರ. 'ಫೈಲ್ ಸೇವ್ ಆಗುತ್ತಿಲ್ಲ' ಎಂದು ಅಂಥವರು ದೂರು ತಂದರೆ ಕಾರಣ ಇದೇ ಇರಬಹುದು. ಅವರಿಗೆ ಕಂಟೆಂಟ್ ಮ್ಯಾನೇಜರ್ ಕೊಡಬೇಕಾಗುತ್ತದೆ.

ಡೌನ್‌ಲೋಡ್ ತಡೆ, ಪ್ರಿಂಟ್ ತಡೆ, ಶೀಟ್‌ನಲ್ಲಿ ಸಾಲು ಕಾಲಂಗಳ ಪ್ರೊಟೆಕ್ಷನ್ ಇವು ಕೈತಪ್ಪು ತಡೆಯಲು ಒಳ್ಳೆಯವು, ಗುಟ್ಟು ಕಾಯಲು ಅಲ್ಲ. ನೋಡಬಲ್ಲವರು ಪರದೆಯ ಚಿತ್ರ ತೆಗೆಯಬಲ್ಲರು. ಗೂಗಲ್ ಶೀಟ್ಸ್‌ನಲ್ಲಿ ಪ್ರೊಟೆಕ್ಟ್ ಮಾಡಿದ ಭಾಗವನ್ನೂ ಕಾಪಿ ಮಾಡಬಹುದು. ಒಂದೇ ಶೀಟ್‌ನಲ್ಲಿ ಕೆಲವರಿಗೆ ಕೆಲವು ಕಾಲಂ ಕಾಣಬಾರದು ಎನ್ನುವುದಾದರೆ ಅದನ್ನು ಎರಡು ಫೈಲ್ ಮಾಡುವುದೊಂದೇ ದಾರಿ.

ಫೈಲ್ ಯಾರ ಮನೆಯಲ್ಲಿದೆ?

ವೈಯಕ್ತಿಕ ಡ್ರೈವ್‌ನಲ್ಲಿಟ್ಟು ಹಂಚುವುದೋ, ತಂಡದ ಡ್ರೈವ್‌ನಲ್ಲಿ ಇಡುವುದೋ? ಒಬ್ಬರೇ ಬರೆಯುತ್ತಿರುವ ಕರಡು ಮೈ ಡ್ರೈವ್ ಅಥವಾ ಒನ್‌ಡ್ರೈವ್‌ನಲ್ಲಿರಲಿ. ಎರಡನೆಯವರ ಕೆಲಸ ಅದರ ಮೇಲೆ ನಿಂತ ದಿನವೇ ತಂಡದ ಜಾಗಕ್ಕೆ ಹೋಗಲಿ. ಕಾರಣ ಸರಳ: ಮೈ ಡ್ರೈವ್‌ನ ಫೈಲ್‌ಗೆ ಮಾಲೀಕರು ವ್ಯಕ್ತಿ, ಶೇರ್ಡ್ ಡ್ರೈವ್‌ನ ಫೈಲ್‌ಗೆ ಮಾಲೀಕರು ಸಂಸ್ಥೆ. ಗೂಗಲ್‌ನಲ್ಲಿ ಬಳಕೆದಾರರ ಖಾತೆ ಅಳಿಸುವಾಗ ಅವರ ಫೈಲ್‌ಗಳನ್ನು ಬೇರೆಯವರ ಹೆಸರಿಗೆ ವರ್ಗಾಯಿಸದಿದ್ದರೆ ಅವೂ ಹೋಗುತ್ತವೆ. ಖಾತೆಯನ್ನು ಮರಳಿ ತರಲು ಅಡ್ಮಿನ್‌ಗೆ ಸಿಗುವುದು 20 ದಿನ. ಮೈಕ್ರೋಸಾಫ್ಟ್‌ನಲ್ಲಿ ಆ ಅವಧಿ 30 ದಿನ.

ಟೀಮ್ಸ್ ಬಳಸುವವರು ತಿಳಿಯದೆಯೇ ಈ ಬಲೆಗೆ ಬೀಳುತ್ತಾರೆ. ಚಾನೆಲ್‌ನಲ್ಲಿ ಹಾಕಿದ ಫೈಲ್ ತಂಡದ ಶೇರ್‌ಪಾಯಿಂಟ್ ಸೈಟ್‌ಗೆ ಹೋಗುತ್ತದೆ. ಅದೇ ಫೈಲನ್ನು ಚಾಟ್‌ನಲ್ಲಿ ಹಾಕಿದರೆ ಕಳಿಸಿದವರ ಸ್ವಂತ ಒನ್‌ಡ್ರೈವ್‌ನಲ್ಲಿ ಕೂರುತ್ತದೆ. ಎರಡು ವರ್ಷ ಎಲ್ಲರೂ ಬಳಸಿದ ಬಜೆಟ್ ಶೀಟ್, ಅದನ್ನು ಚಾಟ್‌ನಲ್ಲಿ ಹಾಕಿದವರು ಕೆಲಸ ಬಿಟ್ಟ ಮೇಲೆ ಕಾಣೆಯಾಗುವುದು ಹೀಗೆ. ಮಾತು ಚಾಟ್‌ನಲ್ಲಿ ನಡೆಯಲಿ, ಫೈಲ್ ಚಾನೆಲ್‌ನಲ್ಲಿರಲಿ.

ಮೇಲಿನಿಂದ ಇಳಿದು ಬರುವ ಅನುಮತಿ

ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನ ಎಲ್ಲದಕ್ಕೂ ಇಳಿಯುತ್ತದೆ, ಆಸ್ತಿ ತಲೆಮಾರಿಂದ ತಲೆಮಾರಿಗೆ ಬಂದ ಹಾಗೆ. ಈ ಹಂತದಲ್ಲಿ ತಂತ್ರಾಂಶಗಳ ನಡುವಿನ ವ್ಯತ್ಯಾಸ ದೊಡ್ಡದು. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ದರೆ ಎಡವುವುದು ಇಲ್ಲೇ.

ನೋಷನ್‌ನಲ್ಲಿ ಒಬ್ಬರಿಗೆ ಬೇರೆ ಬೇರೆ ದಾರಿಗಳಿಂದ ಅನುಮತಿ ಬಂದಿದ್ದರೆ ಅವುಗಳಲ್ಲಿ ಹೆಚ್ಚಿನದೇ ಗೆಲ್ಲುತ್ತದೆ. ಟೀಮ್‌ಸ್ಪೇಸ್ (ನೋಷನ್‌ನಲ್ಲಿ ತಂಡದ ಜಾಗ) ಮೂಲಕ ತಿದ್ದುವ ಅಧಿಕಾರ ಇರುವವರ ಹೆಸರನ್ನು ಪುಟದಲ್ಲಿ 'ನೋಡಲು ಮಾತ್ರ' ಎಂದು ಸೇರಿಸಿದರೆ ಏನೂ ಬದಲಾಗದು. ತಂಡಕ್ಕೆ ಇರುವ ಅಧಿಕಾರವನ್ನೇ ಇಳಿಸಬೇಕು. ವಿಂಡೋಸ್‌ನ ಫೈಲ್ ವ್ಯವಸ್ಥೆಯಲ್ಲಿರುವ 'ಡಿನೈ', ಅಂದರೆ 'ಇವರೊಬ್ಬರಿಗೆ ಬೇಡ' ಎಂಬ ನೇರ ನಿಷೇಧ, ಇಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಅನುಮತಿಗಳು ಕೂಡುತ್ತವೆ, ಕಳೆಯುವುದಿಲ್ಲ.

ಕಾನ್‌ಫ್ಲುಯೆನ್ಸ್‌ನಲ್ಲಿ ಪುಟಕ್ಕೆ ಹಾಕುವ ನಿರ್ಬಂಧ ಎರಡು ಥರ. ನೋಡುವುದರ ಮೇಲಿನ ನಿರ್ಬಂಧ ಕೆಳಗಿನ ಮರಿಪುಟಗಳಿಗೂ ಇಳಿಯುತ್ತದೆ. ತಿದ್ದುವುದರ ಮೇಲಿನದು ಇಳಿಯುವುದಿಲ್ಲ. ನಿಯಮಾವಳಿಯ ಮುಖ್ಯ ಪುಟಕ್ಕೆ 'ಇಬ್ಬರೇ ತಿದ್ದಬಹುದು' ಎಂದು ಬೀಗ ಹಾಕಿ, ಒಳಗಿನ 30 ಪುಟಗಳೂ ಭದ್ರ ಎಂದುಕೊಂಡರೆ ಅವೆಲ್ಲ ತೆರೆದೇ ಇರುತ್ತವೆ.

ಶೇರ್‌ಪಾಯಿಂಟ್‌ನಲ್ಲಿ ಒಂದು ಫೈಲನ್ನು ಮಾತ್ರ ಬೇರೆಯವರಿಗೆ ಹಂಚಿದಾಗ ಆ ಫೈಲ್ ಮೇಲಿನ ಫೋಲ್ಡರ್‌ನ ಸರಪಳಿಯಿಂದ ಕಳಚಿಕೊಳ್ಳುತ್ತದೆ. ಆಮೇಲೆ ಲೈಬ್ರರಿಗೆ ಹೊಸ ಗ್ರೂಪ್ ಸೇರಿಸಿದರೆ ಎಲ್ಲ ಫೈಲ್‌ಗೂ ಅದು ಇಳಿಯುತ್ತದೆ, ಕಳಚಿಕೊಂಡದ್ದಕ್ಕೆ ಮಾತ್ರ ಇಲ್ಲ. 'ಫೋಲ್ಡರ್ ಕಾಣುತ್ತದೆ, ಒಳಗೆ ಎರಡು ಫೈಲ್ ಮಾತ್ರ ಕಾಣುವುದಿಲ್ಲ' ಎಂಬ ದೂರಿನ ಮೂಲ ಇದು. ಒಂದು ಲೈಬ್ರರಿಯಲ್ಲಿ ಹೀಗೆ ಪ್ರತ್ಯೇಕ ಅನುಮತಿ ಪಡೆದವು 50,000ದವರೆಗೆ ಇರಬಹುದು, ಆದರೆ 5,000 ದಾಟದಿರಲಿ ಎಂಬುದು ಮೈಕ್ರೋಸಾಫ್ಟ್‌ನ ಸಲಹೆ. ವೇಗ ಕುಸಿಯುವುದಕ್ಕೆ ಬಹಳ ಮೊದಲೇ ಯಾರಿಗೆ ಏನಿದೆ ಎಂಬುದು ಮನುಷ್ಯರ ತಲೆಗೆ ನಿಲುಕದಾಗುತ್ತದೆ.

ಆದ್ದರಿಂದ ಗುಟ್ಟಿನ ಫೋಲ್ಡರನ್ನು ತೆರೆದ ಫೋಲ್ಡರ್‌ನ ಒಳಗೆ ಬಚ್ಚಿಡಬೇಡಿ. ಅದಕ್ಕೆ ಬೇರೆ ಸೈಟ್, ಬೇರೆ ಶೇರ್ಡ್ ಡ್ರೈವ್, ಬೇರೆ ಟೀಮ್‌ಸ್ಪೇಸ್ ಮಾಡಿ. ಗೋಡೆಗಳು ಹೊರಗಿರಲಿ, ಒಳಗೆ ಎಲ್ಲರಿಗೂ ಒಂದೇ ನಿಯಮವಿರಲಿ. ಫೈಲನ್ನು ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಸರಿಸಿದಾಗ ಹೊಸ ಜಾಗದ ಅನುಮತಿಗಳು ಅಂಟಿಕೊಳ್ಳುತ್ತವೆ ಎಂಬುದೂ ನೆನಪಿರಲಿ. ಮೌಸ್‌ನಿಂದ ಎಳೆದು ತಪ್ಪು ಜಾಗದಲ್ಲಿ ಬಿಟ್ಟರೂ ಸಾಕು.

ಚಾನೆಲ್‌ಗಳು

ಪಬ್ಲಿಕ್ ಚಾನೆಲ್‌ನಲ್ಲಿ ಮಾತು ಹುಡುಕಿದರೆ ಸಿಗುತ್ತದೆ, ಪ್ರೈವೇಟ್‌ನದು ಅದರ ಸದಸ್ಯರಲ್ಲದವರಿಗೆ ಸಿಗುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಪಬ್ಲಿಕ್ ಇರಲಿ, ವ್ಯಕ್ತಿಗಳ ಬಗೆಗಿನ ವಿಷಯ, ಸಂಬಳ, ಒಪ್ಪಂದಗಳಿಗೆ ಪ್ರೈವೇಟ್. ಪ್ರೈವೇಟ್ ಚಾನೆಲ್‌ಗೆ ಹೊಸಬರನ್ನು ಸೇರಿಸುವ ಮುನ್ನ ಒಂದು ಎಚ್ಚರ: ಸ್ಲ್ಯಾಕ್‌ನಲ್ಲೂ ಟೀಮ್ಸ್‌ನಲ್ಲೂ ಅವರಿಗೆ ಹಿಂದಿನ ಮಾತೆಲ್ಲ ಕಾಣುತ್ತದೆ. ಅವರ ನೇಮಕದ ಬಗ್ಗೆ ಅಲ್ಲೇ ನಡೆದ ಚರ್ಚೆಯೂ ಕಾಣುತ್ತದೆ. ಟೀಮ್ಸ್‌ನ ಗ್ರೂಪ್ ಚಾಟ್‌ನಲ್ಲಾದರೆ ಹಿಂದಿನದನ್ನು ತೋರಿಸಬೇಕೇ, ಎಷ್ಟು ದಿನದ್ದು ಎಂದು ಕೇಳುತ್ತದೆ. ಚಾನೆಲ್ ಹಾಗೆ ಕೇಳುವುದಿಲ್ಲ. ಅನುಮಾನವಿದ್ದರೆ ಹೊಸ ಚಾನೆಲ್ ತೆರೆಯಿರಿ.

ಟೀಮ್ಸ್‌ನ ಪ್ರೈವೇಟ್ ಚಾನೆಲ್‌ಗೆ ತನ್ನದೇ ಶೇರ್‌ಪಾಯಿಂಟ್ ಸೈಟ್ ಇರುತ್ತದೆ. ತಂಡದ ಮಾಲೀಕರಾಗಿದ್ದರೂ ಆ ಚಾನೆಲ್‌ನ ಸದಸ್ಯರಲ್ಲದಿದ್ದರೆ ಅದರ ಫೈಲ್ ಕಾಣುವುದಿಲ್ಲ. ಪ್ರೈವೇಟ್ ಚಾನೆಲ್‌ಗೆ ತಂಡದೊಳಗಿನವರನ್ನು ಮಾತ್ರ ಸೇರಿಸಬಹುದು, ಶೇರ್ಡ್ ಚಾನೆಲ್‌ಗೆ ತಂಡದ ಹೊರಗಿನವರನ್ನೂ ಸೇರಿಸಬಹುದು.

ಹೊರಗಿನವರು: ಗೆಸ್ಟ್ ಖಾತೆಯೋ, ಫೈಲ್ ಮಾತ್ರವೋ?

ಒಂದು ಬಾರಿ ಒಂದು ಫೈಲ್ ನೋಡಿಸುವುದಾದರೆ ಗೆಸ್ಟ್ ಖಾತೆ ಬೇಡ. ಹೆಸರಿಗೆ ಕೊಟ್ಟು ದಿನಾಂಕ ಹಾಕಿದರೆ ಸಾಕು. ತಿಂಗಳುಗಟ್ಟಲೆ ಜೊತೆಗೆ ಕೆಲಸವೆಂದರೆ ಗೆಸ್ಟ್ ಖಾತೆ ಮೇಲು. ಎಲ್ಲ ಅನುಮತಿಗಳೂ ಒಂದು ಖಾತೆಗೆ ಕಟ್ಟಿರುವುದರಿಂದ ಆ ಒಂದನ್ನು ಮುಚ್ಚಿದರೆ ಎಲ್ಲ ಮುಚ್ಚಿದಂತೆ.

ಸ್ಲ್ಯಾಕ್‌ನ ಹಣ ಕೊಟ್ಟು ಬಳಸುವ ಯೋಜನೆಗಳಲ್ಲಿ ಗೆಸ್ಟ್ ಎರಡು ಬಗೆ. ಸಿಂಗಲ್ ಚಾನೆಲ್ ಗೆಸ್ಟ್‌ಗೆ ಒಂದೇ ಚಾನೆಲ್, ಶುಲ್ಕವಿಲ್ಲ, ಹಣ ಕಟ್ಟುವ ಒಬ್ಬ ಸದಸ್ಯರಿಗೆ ಐದು ಗೆಸ್ಟ್‌ಗಳವರೆಗೆ. ಮಲ್ಟಿ ಚಾನೆಲ್ ಗೆಸ್ಟ್‌ಗೆ ಪೂರ್ಣ ಸದಸ್ಯರಷ್ಟೇ ಶುಲ್ಕ. ಇಬ್ಬರಿಗೂ ಕೊನೆಯ ದಿನಾಂಕ ಹಾಕಬಹುದು. ಗೆಸ್ಟ್ ಸೇರಿಸುವಾಗಲೇ ದಿನಾಂಕ ಹಾಕಿ. ಕೆಲಸ ಮುಂದುವರಿದರೆ ವಿಸ್ತರಿಸಿ ಎಂದು ಅವರೇ ಕೇಳುತ್ತಾರೆ.

ತಪಾಸಣೆ, ಮತ್ತು ಒಬ್ಬರು ಹೋದಾಗ

ಸಂಸ್ಥೆಯಲ್ಲಿ ಎಐ ಸಹಾಯಕ ಬಂದ ಮೇಲೆ ಹಳೆಯ ತಪ್ಪುಗಳು ಬೇಗ ಹೊರಬೀಳುತ್ತಿವೆ. ಮೈಕ್ರೋಸಾಫ್ಟ್ 365 ಕೋಪೈಲಟ್, ಕೇಳಿದವರಿಗೆ ಈಗಾಗಲೇ ನೋಡುವ ಅನುಮತಿ ಇರುವುದನ್ನಷ್ಟೇ ತೋರಿಸುತ್ತದೆ. ಆದರೆ ಯಾರೂ ಹೋಗದ ಮೂಲೆಯಲ್ಲಿ ಎಲ್ಲರಿಗೂ ತೆರೆದು ಬಿದ್ದಿದ್ದ ಫೈಲ್ ಈಗ ಒಂದು ಪ್ರಶ್ನೆಗೆ ಉತ್ತರವಾಗಿ ಬಂದು ನಿಲ್ಲುತ್ತದೆ. ಅಂಥ ಸಹಾಯಕವನ್ನು ಚಾಲೂ ಮಾಡುವ ಮುನ್ನ ತಪಾಸಣೆ ಮುಗಿದಿರಬೇಕು.

ತಪಾಸಣೆಗೆ ದುಬಾರಿ ಸಾಧನ ಬೇಕಿಲ್ಲ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಿಂಕ್ ತೆರೆದು ನೋಡಿ. ಲಾಗಿನ್ ಕೇಳದೆ ತೆರೆದರೆ ಅದು ಲೋಕಕ್ಕೆಲ್ಲ ತೆರೆದಿದೆ. ಶೇರ್‌ಪಾಯಿಂಟ್‌ನ ಅನುಮತಿ ಪುಟದಲ್ಲಿ 'ಚೆಕ್ ಪರ್ಮಿಷನ್ಸ್' ಒತ್ತಿ ಹೆಸರು ಕೊಟ್ಟರೆ ಆ ವ್ಯಕ್ತಿಗೆ ಏನು, ಯಾವ ಗ್ರೂಪ್ ಮೂಲಕ ಬಂದಿದೆ ಎಂದು ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಗ್ರೂಪ್‌ನ ಮಾಲೀಕರು ಸದಸ್ಯರ ಪಟ್ಟಿ ಓದಲಿ. ಅಡ್ಮಿನ್‌ಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಅಡ್ಮಿನ್ ಒಬ್ಬರೇ ಇರಬಾರದು, ಇಬ್ಬರು ಮೂವರು ಸಾಕು, ಮತ್ತು ಅವರು ದಿನನಿತ್ಯದ ಕೆಲಸಕ್ಕೆ ಬೇರೆ ಸಾಮಾನ್ಯ ಖಾತೆ ಬಳಸಲಿ.

ಒಬ್ಬರು ಕೆಲಸ ಬಿಡುವಾಗ ಕ್ರಮ ಮುಖ್ಯ. ಮೊದಲು ಖಾತೆಯನ್ನು ತಡೆಹಿಡಿಯಿರಿ, ಅಳಿಸಬೇಡಿ. ಆಮೇಲೆ ತೆರೆದಿರುವ ಎಲ್ಲ ಲಾಗಿನ್‌ಗಳನ್ನು ಕೊನೆಗೊಳಿಸಿ. ಎಲ್ಲ ತಂತ್ರಾಂಶಕ್ಕೂ ಒಂದೇ ಲಾಗಿನ್ ಇರುವ ವ್ಯವಸ್ಥೆಯಲ್ಲಿ ಬಾಗಿಲು ಮುಚ್ಚಿದರೂ ಫೋನಿನ ಆ್ಯಪ್‌ನಲ್ಲಿ ಆಗಲೇ ತೆರೆದಿರುವುದು ಸ್ವಲ್ಪ ಕಾಲ ನಡೆಯುತ್ತಿರಬಹುದು. ಅವರು ಮಾಡಿಕೊಂಡಿದ್ದ ಎಪಿಐ ಟೋಕನ್‌ಗಳು (ಬೇರೆ ತಂತ್ರಾಂಶ ಲಾಗಿನ್ ಇಲ್ಲದೆ ಒಳಬರಲು ಕೊಡುವ ಕೀಲಿಗಳು), ಜೋಡಿಸಿದ್ದ ಹೊರಗಿನ ಆ್ಯಪ್‌ಗಳು ಬೇರೆಯೇ ಲೆಕ್ಕ, ಅವನ್ನು ಪ್ರತ್ಯೇಕವಾಗಿ ತೆಗೆಯಿರಿ. ನಂತರ ಫೈಲ್‌ಗಳ ಒಡೆತನ ವರ್ಗಾಯಿಸಿ, ಅವರು ಮಾಲೀಕರಾಗಿದ್ದ ಗ್ರೂಪ್ ಮತ್ತು ಚಾನೆಲ್‌ಗಳಿಗೆ ಹೊಸ ಮಾಲೀಕರನ್ನು ನೇಮಿಸಿ. ಸ್ಕಿಮ್ ಎಂಬ 2015ರ ಮಾನದಂಡವನ್ನು ಒಪ್ಪುವ ತಂತ್ರಾಂಶಗಳಲ್ಲಿ, ಸಿಬ್ಬಂದಿಯ ಮುಖ್ಯ ಪಟ್ಟಿಯಲ್ಲಿ ಒಬ್ಬರನ್ನು ನಿಲ್ಲಿಸಿದರೆ ಎಲ್ಲ ಕಡೆಯ ಖಾತೆಗಳೂ ತಾವಾಗಿ ನಿಲ್ಲುವಂತೆ ಜೋಡಿಸಬಹುದು. ಹೊಸ ತಂತ್ರಾಂಶ ಕೊಳ್ಳುವಾಗ ಇದು ನಿಮ್ಮ ಯೋಜನೆಯಲ್ಲೇ ಸಿಗುತ್ತದೆಯೇ, ಹೆಚ್ಚಿನ ಬೆಲೆಯ ಯೋಜನೆಗೆ ಮೀಸಲೇ ಎಂದು ಮೊದಲೇ ಕೇಳಿ. ಒಡೆತನ ವರ್ಗಾವಣೆ ಪೂರ್ತಿ ಮುಗಿದು, ಕನಿಷ್ಠ ಒಂದು ತಿಂಗಳ ಲೆಕ್ಕಪತ್ರದ ಸುತ್ತು ಯಾವ ಫೈಲೂ ಕಾಣೆಯಾಗದೆ ದಾಟಿದ ಮೇಲೆ ಖಾತೆಯನ್ನು ಅಳಿಸಬಹುದು.